ವಾಸ್ತವಿಕ ಸಮಾನತೆ: ಕಾನೂನು ಸಮವಾದ ಮೇಲೂ ಉಳಿಯುವ ಪ್ರಶ್ನೆ

ಸ್ತ್ರೀವಾದದ ಕುರಿತ ವಾದ-ವಿವಾದಗಳು ಬಹುತೇಕ ಒಂದೇ ಜಾಗದಲ್ಲಿ ಬಂದು ನಿಲ್ಲುತ್ತವೆ. ಮತದಾನ, ಆಸ್ತಿ, ಶಿಕ್ಷಣ, ಉದ್ಯೋಗ ಇವೆಲ್ಲದರಲ್ಲೂ ಕಾನೂನು ಹೆಣ್ಣು-ಗಂಡೆಂಬ ಭೇದವನ್ನು ಕೈಬಿಟ್ಟಿರುವಾಗ ಇನ್ನೇನು ಬೇಕು ಎಂದು ಒಬ್ಬರು ಕೇಳುತ್ತಾರೆ. ಹಾಗಿದ್ದರೆ ಸಂಬಳದಲ್ಲಿ, ಅಧಿಕಾರದಲ್ಲಿ, ಮನೆಗೆಲಸದ ಹಂಚಿಕೆಯಲ್ಲಿ ಇಷ್ಟೊಂದು ಅಂತರವೇಕೆ ಎಂದು ಇನ್ನೊಬ್ಬರು ಮರುಪ್ರಶ್ನೆ ಹಾಕುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಮೊದಲನೆಯವರ ಮನಸ್ಸಿನಲ್ಲಿರುವುದು ಔಪಚಾರಿಕ ಸಮಾನತೆ, ಅಂದರೆ ಎಲ್ಲರಿಗೂ ಒಂದೇ ನಿಯಮ. ಎರಡನೆಯವರು ಕೇಳುತ್ತಿರುವುದು ವಾಸ್ತವಿಕ ಸಮಾನತೆಯನ್ನು, ಅಂದರೆ ಆ ನಿಯಮ ಜಾರಿಗೆ ಬಂದ ಮೇಲೆ ಇಬ್ಬರಿಗೂ ನಿಜಕ್ಕೂ ಸಮನಾದ ಅವಕಾಶ ದಕ್ಕಿತೇ ಎಂಬುದನ್ನು.

ಔಪಚಾರಿಕ ಸಮಾನತೆಯನ್ನು ಹಗುರವಾಗಿ ಕಾಣುವುದು ಸರಿಯಲ್ಲ. ನ್ಯೂಜಿಲೆಂಡಿನ ಮಹಿಳೆಯರಿಗೆ ಸಂಸತ್ ಚುನಾವಣೆಯ ಮತದಾನದ ಹಕ್ಕು 1893ರಲ್ಲೇ ಸಿಕ್ಕಿತಾದರೂ ಸ್ವಿಟ್ಜರ್ಲೆಂಡಿನ ಮಹಿಳೆಯರು ರಾಷ್ಟ್ರಮಟ್ಟದಲ್ಲಿ ಅದೇ ಹಕ್ಕಿಗಾಗಿ 1971ರವರೆಗೆ ಕಾಯಬೇಕಾಯಿತು. ಕಾನೂನಿನ ಬಾಗಿಲೇ ಮುಚ್ಚಿರುವಾಗ ಉಳಿದ ಯಾವ ಚರ್ಚೆಗೂ ಅರ್ಥವಿರುವುದಿಲ್ಲ. ತೊಡಕು ಶುರುವಾಗುವುದು ಬಾಗಿಲು ತೆರೆದ ನಂತರ, ಒಂದು ನಿಯಮವನ್ನು ರೂಪಿಸಿದವರು ಯಾರ ದೇಹವನ್ನು, ಯಾರ ದಿನಚರಿಯನ್ನು ಸಾಮಾನ್ಯವೆಂದು ಎಣಿಸಿದ್ದರು ಎಂದು ನಾವು ಕೇಳತೊಡಗಿದಾಗ. ನನ್ನ ದೃಷ್ಟಿಯಲ್ಲಿ ಇಡೀ ಪರಿಕಲ್ಪನೆಯ ತಿರುಳು ಈ ಪ್ರಶ್ನೆಯಲ್ಲೇ ಇದೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಕಾಯಿಲೆ ಅಥವಾ ಗಾಯದಿಂದ ಕೆಲಸ ಮಾಡಲಾಗದವರಿಗೆ ತಾತ್ಕಾಲಿಕ ಪರಿಹಾರ ನೀಡುವ ವಿಮೆಯೊಂದಿತ್ತು. ನೌಕರರ ಸಂಬಳದಿಂದಲೇ ಅದಕ್ಕೆ ಹಣ ಕಡಿತವಾಗುತ್ತಿತ್ತು. ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಗೂ ಸುನ್ನತಿಗೂ ಅದರಡಿ ಪರಿಹಾರ ಸಿಗುತ್ತಿತ್ತು. ಸಹಜ ಗರ್ಭಧಾರಣೆ ಮತ್ತು ಹೆರಿಗೆಯನ್ನು ಮಾತ್ರ ಹೊರಗಿಡಲಾಗಿತ್ತು. ಇದು ತಾರತಮ್ಯವೆಂದು ಮಹಿಳೆಯರು ಹೂಡಿದ ದಾವೆಯನ್ನು 1974ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಈ ವಿಮೆ ಜನರನ್ನು ಹೆಂಗಸರು, ಗಂಡಸರು ಎಂದು ವಿಂಗಡಿಸುತ್ತಿಲ್ಲ, ಗರ್ಭಿಣಿಯರು ಮತ್ತು ಗರ್ಭಿಣಿಯರಲ್ಲದವರು ಎಂದಷ್ಟೇ ವಿಂಗಡಿಸುತ್ತದೆ, ಎರಡನೆಯ ಗುಂಪಿನಲ್ಲಿ ಹೆಂಗಸರೂ ಇದ್ದಾರಲ್ಲ ಎಂಬುದು ಬಹುಮತದ ತೀರ್ಪಿನ ತರ್ಕವಾಗಿತ್ತು. ಈ ತರ್ಕ ಕಾಗದದ ಮೇಲೆ ಸರಿಯಾಗಿಯೇ ಕಾಣುತ್ತದೆ. ಆದರೆ ಮೊದಲ ಗುಂಪಿನಲ್ಲಿರುವವರೆಲ್ಲರೂ ಹೆಂಗಸರೇ ಎಂಬುದನ್ನೂ, ಗರ್ಭ ಧರಿಸದ ದೇಹವನ್ನೇ ದುಡಿಯುವ ದೇಹದ ಮಾದರಿಯಾಗಿ ವಿಮೆ ಇಟ್ಟುಕೊಂಡಿದೆ ಎಂಬುದನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1976ರಲ್ಲಿ ಖಾಸಗಿ ಕಂಪನಿಯೊಂದರ ಪ್ರಕರಣದಲ್ಲೂ ಕೋರ್ಟ್ ಇದೇ ದಾರಿ ಹಿಡಿದ ಮೇಲೆ, 1978ರಲ್ಲಿ ಅಮೆರಿಕದ ಸಂಸತ್ತು ಗರ್ಭಧಾರಣೆಯ ಕಾರಣಕ್ಕೆ ಉದ್ಯೋಗದಲ್ಲಿ ಭೇದ ಮಾಡುವುದು ಲಿಂಗ ತಾರತಮ್ಯವೇ ಎಂದು ಕಾಯ್ದೆ ಮಾಡಬೇಕಾಯಿತು.

ದೇಹದ ವ್ಯತ್ಯಾಸದ ಮಾತೇ ಬಾರದ ಕಡೆಯಲ್ಲೂ ಇಂಥದ್ದು ನಡೆಯುತ್ತದೆ. 1968ರ ಜೂನ್‌ನಲ್ಲಿ ಇಂಗ್ಲೆಂಡಿನ ಡಾಗೆನ್‌ಹ್ಯಾಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಸೀಟುಗಳ ಕವರ್ ಹೊಲಿಯುತ್ತಿದ್ದ ಮಹಿಳೆಯರು ಮುಷ್ಕರ ಹೂಡಿದರು. ಅವರ ಕೆಲಸವನ್ನು ಕಡಿಮೆ ಕೌಶಲದ ‘ಬಿ’ ದರ್ಜೆಗೆ ಸೇರಿಸಲಾಗಿತ್ತು. ಅದೇ ದರ್ಜೆಯ ಗಂಡಸರಿಗೆ ಸಿಗುತ್ತಿದ್ದ ಕೂಲಿಯಲ್ಲಿ ಶೇ. 85ರಷ್ಟು ಮಾತ್ರ ಅವರಿಗೆ ಸಿಗುತ್ತಿತ್ತು. ಸುಮಾರು ಮೂರು ವಾರಗಳ ಮುಷ್ಕರದ ನಂತರ, ಸಚಿವೆ ಬಾರ್ಬರಾ ಕ್ಯಾಸಲ್ ಅವರ ಮಧ್ಯಸ್ಥಿಕೆಯಲ್ಲಿ, ಈ ಪ್ರಮಾಣ ಶೇ. 92ಕ್ಕೆ ಏರಿತು. ಬ್ರಿಟನ್ನಿನ 1970ರ ಸಮಾನ ವೇತನ ಕಾಯ್ದೆಗೆ ಈ ಹೋರಾಟ ಬಲ ತುಂಬಿತು ಎಂಬುದನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಮಹಿಳೆಯರ ಮೂಲ ದೂರು ತಮ್ಮ ಹೊಲಿಗೆಯನ್ನು ಕೌಶಲದ ಕೆಲಸವೆಂದು ಪರಿಗಣಿಸಿ ಮೇಲಿನ ‘ಸಿ’ ದರ್ಜೆಗೆ ಸೇರಿಸಿಲ್ಲ ಎಂಬುದಾಗಿತ್ತು. ಆ ದರ್ಜೆ ಅವರಿಗೆ ಸಿಕ್ಕಿದ್ದು ಮತ್ತೊಂದು ಮುಷ್ಕರದ ನಂತರ, 1984ರಲ್ಲಿ. ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬ ನಿಯಮವೊಂದರಿಂದಲೇ ಈ ದೂರು ಪರಿಹಾರವಾಗುವಂತಿರಲಿಲ್ಲ, ಏಕೆಂದರೆ ಆ ಕೆಲಸವನ್ನು ಮಾಡುತ್ತಿದ್ದವರು ಹೆಂಗಸರೇ. ಹೆಂಗಸರ ಕೈಯಲ್ಲಿರುವ ಕೌಶಲವನ್ನು ಕೌಶಲವೆಂದೇ ಎಣಿಸದ ಕಡೆ ಹೋಲಿಸಬೇಕಾದದ್ದು ಕೆಲಸದ ಮೌಲ್ಯವನ್ನು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1951ರ ತನ್ನ 100ನೇ ಒಡಂಬಡಿಕೆಯಲ್ಲಿ ‘ಸಮಾನ ಮೌಲ್ಯದ ಕೆಲಸ’ ಎಂಬ ಮಾತನ್ನು ಬಳಸಿದ್ದು ಈ ಅರ್ಥದಲ್ಲೇ.

ಔಷಧದ ಪ್ರಮಾಣದಲ್ಲೂ ಇದೇ ಸಮಸ್ಯೆ ಕಾಣುತ್ತದೆ. ಜೋಲ್ಪಿಡೆಮ್ ಎಂಬ ನಿದ್ರೆ ಮಾತ್ರೆಯನ್ನು ಹಲವು ವರ್ಷ ಗಂಡಸರಿಗೂ ಹೆಂಗಸರಿಗೂ ಒಂದೇ ಪ್ರಮಾಣದಲ್ಲಿ ಕೊಡಲಾಗುತ್ತಿತ್ತು. ಹೆಂಗಸರ ದೇಹದಿಂದ ಅದು ನಿಧಾನವಾಗಿ ಹೊರಹೋಗುವುದರಿಂದ ಮರುದಿನ ಬೆಳಗ್ಗೆ ವಾಹನ ಚಲಾಯಿಸುವುದಕ್ಕೆ ಅಪಾಯವಿದೆ ಎಂದು 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೆಂಗಸರಿಗೆ ಶಿಫಾರಸು ಮಾಡುವ ಪ್ರಮಾಣವನ್ನು ಅರ್ಧಕ್ಕೆ ಇಳಿಸಿತು.

ಹಾಗಾದರೆ ಹೆಂಗಸರಿಗೆ ಬೇರೆಯದೇ ನಿಯಮ ಮಾಡಿದರೆ ವಾಸ್ತವಿಕ ಸಮಾನತೆ ಬಂದಂತಾಯಿತೇ? ಖಂಡಿತ ಇಲ್ಲ, ಮತ್ತು ಇಲ್ಲಿ ಸ್ತ್ರೀವಾದದ ಟೀಕಾಕಾರರ ಅನುಮಾನಕ್ಕೆ ಆಧಾರವಿದೆ. ಇದೇ ಕಾರ್ಮಿಕ ಸಂಸ್ಥೆ 1919ರಲ್ಲಿ, ಉದ್ದಿಮೆಗಳಲ್ಲಿ ಹೆಂಗಸರು ರಾತ್ರಿ ಪಾಳಿಯಲ್ಲಿ ದುಡಿಯುವುದನ್ನು ನಿಷೇಧಿಸುವ ಒಡಂಬಡಿಕೆಯನ್ನು ಅಂಗೀಕರಿಸಿತ್ತು. ಅದರ ಉದ್ದೇಶ ರಕ್ಷಣೆಯೇ ಆಗಿದ್ದರೂ ಪರಿಣಾಮದಲ್ಲಿ ಅದು ಎಷ್ಟೋ ಕೆಲಸಗಳಿಂದ ಅವರನ್ನು ದೂರವಿಟ್ಟಿತು. ಬೇರೆ ನಿಯಮವೊಂದು ಹೆಣ್ಣಿನ ಆಯ್ಕೆಗಳನ್ನು ಹಿಗ್ಗಿಸುತ್ತದೆಯೋ ಕುಗ್ಗಿಸುತ್ತದೆಯೋ ಎಂದು ಪ್ರತಿ ಸಲವೂ ಪರಿಶೀಲಿಸಲೇಬೇಕು. ಮಹಿಳೆಯರ ವಿರುದ್ಧದ ತಾರತಮ್ಯವನ್ನು ತೊಡೆಯಲು ವಿಶ್ವಸಂಸ್ಥೆ 1979ರಲ್ಲಿ ಅಂಗೀಕರಿಸಿದ ಒಡಂಬಡಿಕೆಯ 4ನೇ ವಿಧಿ ಈ ಎಚ್ಚರವನ್ನು ಒಳಗೊಂಡಿದೆ: ವಾಸ್ತವದ ಸಮಾನತೆಯನ್ನು ಬೇಗ ತರಲು ಕೈಗೊಳ್ಳುವ ವಿಶೇಷ ಕ್ರಮಗಳು ತಾರತಮ್ಯವಾಗುವುದಿಲ್ಲ, ಆದರೆ ಅವು ತಾತ್ಕಾಲಿಕವಾಗಿರಬೇಕು, ಗುರಿ ಈಡೇರಿದಾಗ ಕೊನೆಗೊಳ್ಳಬೇಕು. ತಾಯ್ತನದ ರಕ್ಷಣೆಯನ್ನು ಅದು ಬೇರೆಯಾಗಿಯೇ ಹೇಳುತ್ತದೆ, ಏಕೆಂದರೆ ಅದಕ್ಕೆ ಅವಧಿಯ ಮಿತಿ ಹಾಕಲಾಗದು.

ಈ ಚರ್ಚೆ ಹೆಂಗಸರಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯುವುದೂ ತಪ್ಪು. ಹೆರಿಗೆಯ ವೇಳೆ ಹೆಂಡತಿಯನ್ನು ಕಳೆದುಕೊಂಡು, ಹಸುಗೂಸನ್ನು ತಾನೇ ನೋಡಿಕೊಳ್ಳಬಯಸಿದ ಅಮೆರಿಕದ ತಂದೆಯೊಬ್ಬರಿಗೆ ಸಾಮಾಜಿಕ ಭದ್ರತೆಯ ನೆರವು ಸಿಗಲಿಲ್ಲ. ಕಾನೂನಿನ ಪ್ರಕಾರ ಅದು ವಿಧವೆಯರಿಗೆ ಮೀಸಲಾಗಿತ್ತು. ಅವರ ಪರ ವಾದಿಸಿ 1975ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದವರು, ಮುಂದೆ ಅದೇ ಕೋರ್ಟಿನ ನ್ಯಾಯಮೂರ್ತಿಯಾದ ರೂತ್ ಬೇಡರ್ ಗಿನ್ಸ್‌ಬರ್ಗ್. ದುಡಿಯುವವನು ಗಂಡ, ಸಾಕುವವಳು ಹೆಂಡತಿ ಎಂಬ ಎಣಿಕೆ ಆ ತಂದೆಗೆ ಅನ್ಯಾಯ ಮಾಡಿದಂತೆಯೇ, ತನ್ನ ದುಡಿಮೆಯಿಂದ ಸಂಸಾರ ನಡೆಸಿದ್ದ ಆ ತಾಯಿಗೂ ಅನ್ಯಾಯ ಮಾಡಿತ್ತು.

ನಾರ್ವೆಯಲ್ಲಿ 1970ರ ದಶಕದ ಕೊನೆಯಿಂದಲೇ ಮಗುವಿನ ಆರೈಕೆಯ ರಜೆಯನ್ನು ತಂದೆ-ತಾಯಿ ಹಂಚಿಕೊಳ್ಳಬಹುದಾಗಿದ್ದರೂ ತೆಗೆದುಕೊಳ್ಳುತ್ತಿದ್ದವರು ಬಹುತೇಕ ತಾಯಂದಿರೇ. 1993ರಲ್ಲಿ ನಾಲ್ಕು ವಾರಗಳನ್ನು ತಂದೆಗೆಂದೇ ಮೀಸಲಿಟ್ಟು, ಆತ ಬಳಸದಿದ್ದರೆ ಅವು ಕೈತಪ್ಪುತ್ತವೆ ಎಂದು ನಿಯಮ ಮಾಡಿದ ಕೆಲವೇ ವರ್ಷಗಳಲ್ಲಿ ಹೆಚ್ಚಿನ ತಂದೆಯರು ಆ ರಜೆ ಪಡೆಯತೊಡಗಿದರು. ಹಕ್ಕು ಮೊದಲೂ ಇತ್ತು. ತಂದೆಯೊಬ್ಬ ರಜೆ ಕೇಳುವುದು ವಿಚಿತ್ರವೆಂಬ ಭಾವನೆ ಮಾತ್ರ ನಿಯಮದಿಂದಾಗಿ ಸಡಿಲವಾಯಿತು. ಹಾಗಿದ್ದೂ ಅರೆಕಾಲಿಕ ಕೆಲಸದಲ್ಲಿರುವವರಲ್ಲಿ ಆ ದೇಶದಲ್ಲಿ ಇಂದಿಗೂ ಮಹಿಳೆಯರೇ ಹೆಚ್ಚು. ಅದು ಅವರ ಸ್ವಂತ ಆಯ್ಕೆ ಎಂದು ಕೆಲವರು ಹೇಳುತ್ತಾರೆ. ಇರಬಹುದು, ಆದರೆ ಹಾಗೆ ತೀರ್ಮಾನಿಸುವ ಮುನ್ನ, ಅವರು ಪೂರ್ಣಾವಧಿ ಕೆಲಸವನ್ನು ಆರಿಸಿಕೊಂಡಿದ್ದರೆ ಮನೆಯ ಉಳಿದ ಕೆಲಸಗಳನ್ನು ಯಾರು ಮಾಡುತ್ತಿದ್ದರು ಎಂಬುದಕ್ಕೂ ಉತ್ತರ ಬೇಕಾಗುತ್ತದೆ.