ಅಣುವಿದ್ಯುತ್ ಸ್ಥಾವರದ ತುಕ್ಕು ಮತ್ತು ಬಿರುಕು: ಪ್ರೋಬ್ ಹಿಡಿಯುವ ಮೊದಲು ಓದಬೇಕಾದ ಟಿಪ್ಪಣಿ

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ, ಐಟಿಐ ಅಥವಾ ಡಿಪ್ಲೊಮಾ ಮುಗಿಸಿ, ಈಗ ಎನ್‌ಡಿಟಿ (ಲೋಹವನ್ನು ಕೆಡಿಸದೆ ಒಳಗಿನ ದೋಷ ಹುಡುಕುವ ತಪಾಸಣೆ) ಎರಡನೇ ಹಂತದ ಪರೀಕ್ಷೆಗೆ ತಯಾರಾಗುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮಲ್ಲಿ ಹೆಚ್ಚಿನವರ ಕಣ್ಣು ಗಲ್ಫಿನ ರಿಫೈನರಿ ಶಟ್‌ಡೌನ್ ಕೆಲಸದ ಮೇಲಿದೆ. ಆದರೆ ಇದೇ ಕರಾವಳಿಯಲ್ಲಿ ಬಡಗಣಕ್ಕೆ ಹೋದರೆ ಕಾಳಿ ನದಿಯ ದಡದಲ್ಲಿ ಕೈಗಾ ಇದೆ, ಇನ್ನೂ ಮೇಲೆ ತಾರಾಪುರ ಇದೆ. ಅಲ್ಲಿಯೂ ಬೇಕಾಗುವುದು ಇದೇ ವಿದ್ಯೆ, ಲೆಕ್ಕ ಮಾತ್ರ ಹೆಚ್ಚು ಬಿಗಿ.

ಕೋರ್ಸಿನ ಪುಸ್ತಕಗಳು ಉಪಕರಣದಿಂದ ಆರಂಭವಾಗುತ್ತವೆ: ಅಲ್ಟ್ರಾಸಾನಿಕ್ (ಧ್ವನಿಯಿಂದ ನೋಡುವುದು) ಒಂದು ಅಧ್ಯಾಯ, ರೇಡಿಯೋಗ್ರಫಿ (ಎಕ್ಸ್‌ರೇಯಂಥ ಕಿರಣದಿಂದ) ಇನ್ನೊಂದು, ಎಡ್ಡಿ ಕರೆಂಟ್ (ಲೋಹದಲ್ಲಿ ಸುಳಿವಿದ್ಯುತ್ ಹುಟ್ಟಿಸಿ) ಮತ್ತೊಂದು. ಪರೀಕ್ಷೆಗೆ ಅದು ಅನುಕೂಲ, ಕೆಲಸಕ್ಕೆ ಅಲ್ಲ. ಲೋಹ ಎಲ್ಲಿ, ಯಾವ ಕಾರಣಕ್ಕೆ ಕೆಡುತ್ತದೆ ಎಂದು ಮೊದಲು ತಿಳಿದುಕೊಂಡು, ಆಮೇಲೆ ಪ್ರೋಬ್, ಅಂದರೆ ಲೋಹಕ್ಕೆ ಹಿಡಿಯುವ ಉಪಕರಣದ ತಲೆ, ಆರಿಸಬೇಕು. ಎಷ್ಟು ಒಳ್ಳೆಯ ಉಪಕರಣವಾದರೂ ಅದನ್ನು ಇಟ್ಟ ಜಾಗದ ಸುದ್ದಿಯನ್ನಷ್ಟೇ ಹೇಳುತ್ತದೆ.

ಜಪಾನಿನ ಮಿಹಾಮಾ ಸ್ಥಾವರದ ಮೂರನೇ ಘಟಕವನ್ನು ನೋಡಿ. 2004ರ ಆಗಸ್ಟ್ 9ರಂದು ಟರ್ಬೈನ್ ಕಟ್ಟಡದಲ್ಲಿ ಬಿಸಿನೀರಿನ ಪೈಪ್ ಒಡೆದು ಐವರು ಸತ್ತರು. ಅವರೆಲ್ಲರೂ ಗುತ್ತಿಗೆ ಕಂಪನಿಯ ಕೆಲಸಗಾರರು. ಕೆಲವೇ ದಿನಗಳಲ್ಲಿ ಶುರುವಾಗಬೇಕಿದ್ದ ವಾರ್ಷಿಕ ತಪಾಸಣೆಗೆ ಸಿದ್ಧತೆ ಮಾಡುತ್ತಿದ್ದವರು. ಅದು ದ್ವಿತೀಯ ಸರ್ಕ್ಯೂಟಿನ, ಅಂದರೆ ರಿಯಾಕ್ಟರಿನೊಳಗೆ ಹಾಯದೆ ಟರ್ಬೈನ್ ಬದಿಯಲ್ಲಿ ಸುತ್ತುವ ನೀರಿನ ಪೈಪ್, ವಿಕಿರಣಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಮೂಲದಲ್ಲಿ 10 ಮಿ.ಮೀ. ದಪ್ಪವಿದ್ದ ಗೋಡೆ ಕೆಲವೆಡೆ 2 ಮಿ.ಮೀ.ಗಿಂತಲೂ ತೆಳುವಾಗಿತ್ತು. 1976ರಲ್ಲಿ ಸ್ಥಾವರ ನಡೆಯಲು ಆರಂಭಿಸಿದ ಮೇಲೆ ಆ ಜಾಗದ ದಪ್ಪವನ್ನು ಯಾರೂ ಅಳೆದಿರಲಿಲ್ಲ, ಏಕೆಂದರೆ ತಪಾಸಣೆಯ ಪಟ್ಟಿಯಲ್ಲಿ ಆ ಜಾಗವೇ ಬಿಟ್ಟುಹೋಗಿತ್ತು. ಉಪಕರಣ ಕೈಕೊಟ್ಟ ಕಥೆ ಇದಲ್ಲ.

ಗೋಡೆ ತೆಳುವಾದದ್ದು ಹರಿವಿನಿಂದ ವೇಗ ಪಡೆಯುವ ತುಕ್ಕಿನಿಂದ. ಸಾದಾ ಕಾರ್ಬನ್ ಸ್ಟೀಲಿನ ಒಳಮೈಯಲ್ಲಿ ಮ್ಯಾಗ್ನೆಟೈಟಿನ (ಕಬ್ಬಿಣದ ಒಂದು ಆಕ್ಸೈಡ್) ತೆಳುಪೊರೆ ಕಟ್ಟಿಕೊಂಡು ಲೋಹವನ್ನು ಕಾಯುತ್ತದೆ. ನೀರು ರಭಸದಿಂದ ಸುಳಿಯುವ ಕಡೆ ಈ ಪೊರೆ ಕರಗಿ ನೀರಿಗೆ ಸೇರುತ್ತದೆ, ಲೋಹ ಮತ್ತೆ ಪೊರೆ ಕಟ್ಟಲು ತನ್ನನ್ನೇ ಖರ್ಚು ಮಾಡಿಕೊಳ್ಳುತ್ತದೆ. ಹೀಗೆ ವರ್ಷಗಟ್ಟಲೆ. ನೀರಿನ ತಾಪ 130ರಿಂದ 150 ಡಿಗ್ರಿ ಸೆಲ್ಸಿಯಸ್ ಇರುವಲ್ಲಿ ಇದರ ಕಾಟ ಅತಿ ಹೆಚ್ಚು. ಒರಿಫಿಸ್ ಪ್ಲೇಟಿನ (ಹರಿವು ಅಳೆಯಲು ಪೈಪಿನಲ್ಲಿಡುವ ತೂತಿನ ತಟ್ಟೆ) ಕೆಳಹರಿವು, ಎಲ್ಬೋದ (ಪೈಪಿನ ತಿರುವು) ಹೊರಬಾಗು, ಟೀ ಜೋಡಣೆ, ವಾಲ್ವ್ ದಾಟಿದ ಕೂಡಲೇ ಬರುವ ಪೈಪ್ ಇವೇ ಅದರ ಮನೆಗಳು. ಮಿಹಾಮಾದಲ್ಲಿ ಒಡೆದದ್ದೂ ಒರಿಫಿಸಿನ ಕೆಳಹರಿವಿನಲ್ಲೇ. 1986ರ ಡಿಸೆಂಬರಿನಲ್ಲಿ ಅಮೆರಿಕದ ಸರ್ರಿ ಸ್ಥಾವರದಲ್ಲಿ ಎಲ್ಬೋ ಒಡೆದು ನಾಲ್ವರು ಸತ್ತಿದ್ದರು. ಸ್ಟೀಲಿನಲ್ಲಿ ಕ್ರೋಮಿಯಂ ಅತ್ಯಲ್ಪ ಇದ್ದರೂ ಈ ಸವೆತ ಬಹಳ ಇಳಿಯುತ್ತದೆ. ಆದ್ದರಿಂದ ಡ್ರಾಯಿಂಗಿನ ಜೊತೆಗೆ ಆ ಪೈಪಿನ ಲೋಹದ ಪ್ರಮಾಣಪತ್ರವನ್ನೂ ಕೇಳಿ ಓದುವ ಅಭ್ಯಾಸವಿರಲಿ.

ಈಗ ಅಳತೆಗೆ ಬರೋಣ. ಅಲ್ಟ್ರಾಸಾನಿಕ್ ಗೇಜ್ ಪ್ರೋಬಿನಿಂದ ಗೋಡೆಯೊಳಗೆ ಧ್ವನಿ ಕಳಿಸಿ, ಒಳಮೈಯಿಂದ ಮರಳುವ ಪ್ರತಿಧ್ವನಿಯನ್ನು ಹಿಡಿಯುತ್ತದೆ. ಸ್ಟೀಲಿನಲ್ಲಿ ನೇರ ತರಂಗದ ವೇಗ ಸೆಕೆಂಡಿಗೆ ಸುಮಾರು 5,900 ಮೀಟರ್. ಗೋಡೆ 10 ಮಿ.ಮೀ. ಇದ್ದರೆ ಧ್ವನಿ ಹೋಗಿ ಬರಲು ಸುಮಾರು 3.4 ಮೈಕ್ರೊಸೆಕೆಂಡ್ ಸಾಕು. ಗೇಜ್ ನಿಜವಾಗಿ ಅಳೆಯುವುದು ಈ ಸಮಯವನ್ನೇ, ದಪ್ಪವೆಂಬುದು ಅದು ಮಾಡಿಕೊಟ್ಟ ಲೆಕ್ಕ. ಇಷ್ಟು ಮನಸ್ಸಿನಲ್ಲಿದ್ದರೆ ಉಳಿದ ತೊಡಕುಗಳು ತಾವೇ ಬಿಡಿಸಿಕೊಳ್ಳುತ್ತವೆ. ಬಣ್ಣದ ಪದರದಲ್ಲಿ ಧ್ವನಿ ನಿಧಾನ. ಅದನ್ನು ಕೆರೆಯದೆ ಅಳೆದರೆ ಅರ್ಧ ಮಿ.ಮೀ. ಬಣ್ಣ ಒಂದು ಮಿ.ಮೀ.ಗೂ ಮಿಕ್ಕಿದ ಸ್ಟೀಲಿನಂತೆ ಲೆಕ್ಕಕ್ಕೆ ಸೇರಿಬಿಡುತ್ತದೆ. ಪೈಪ್ ಬಿಸಿಯಾಗಿದ್ದರೆ ಲೋಹದಲ್ಲೂ ವೇಗ ಕುಸಿಯುತ್ತದೆ, ಪ್ರತಿ 55 ಡಿಗ್ರಿ ಏರಿಕೆಗೆ ಸುಮಾರು ಶೇಕಡಾ 1ರಂತೆ, ಅಂದರೆ ಗೇಜ್ ದಪ್ಪವನ್ನು ಹೆಚ್ಚಾಗಿ ಹೇಳುತ್ತದೆ. ಗೋಡೆ ಪ್ರೋಬಿನ ಮಿತಿಗಿಂತ ತೆಳುವಾಗಿದ್ದರೆ ಗೇಜ್ ಎರಡನೇ ಪ್ರತಿಧ್ವನಿಯನ್ನು ಹಿಡಿದು 1 ಮಿ.ಮೀ.ಯನ್ನು 2 ಎಂದು ತೋರಿಸುವುದೂ ಉಂಟು. ಗಮನಿಸಿ, ಮೂರು ತಪ್ಪುಗಳೂ ಒಂದೇ ಕಡೆಗೆ ವಾಲುತ್ತವೆ: ಪೈಪ್ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ.

ಇನ್ನೊಂದು ಸಂಗತಿಯನ್ನು ಕೈಯಾರೆ ಮಾಡಿಯೇ ತಿಳಿಯಬೇಕು. ನಮ್ಮ ಅಭ್ಯಾಸದ ಮೇಜಿನ ಮೇಲೆ ಮೀನುಗಾರಿಕೆ ಬೋಟಿನಿಂದ ಕಳಚಿದ ಪೈಪಿನ ತುಂಡೊಂದಿದೆ. ಒಳಗೆಲ್ಲ ಉಪ್ಪುನೀರು ತಿಂದ ಕುಳಿಗಳು. ಹೊರಮೈ ತಿಕ್ಕಿ, ಧ್ವನಿ ಲೋಹಕ್ಕೆ ದಾಟಲು ಗ್ರೀಸ್ ಹಚ್ಚಿ ಪ್ರೋಬ್ ಇಟ್ಟರೆ ಹೆಚ್ಚಿನ ಕಡೆ ಅಂಕಿ ನೆಟ್ಟಗೆ ನಿಲ್ಲುತ್ತದೆ. ಒಂದು ಕಡೆ ಮಾತ್ರ ಅಂಕಿ ನಡುಗುತ್ತದೆ, ಮಾಯವಾಗುತ್ತದೆ, ಮತ್ತೆ ಬರುತ್ತದೆ. ಹೊಸಬರು ಅಲ್ಲಿ ಮಾಡುವುದೇನು? ಪ್ರೋಬನ್ನು ಬೆರಳಗಲ ಸರಿಸಿ, ಅಂಕಿ ನಿಂತ ಕಡೆ ಓದಿ ಬರೆದುಕೊಳ್ಳುತ್ತಾರೆ. ಆ ತುಂಡನ್ನು ಉದ್ದಕ್ಕೆ ಸೀಳಿದ್ದೇವೆ. ಅಂಕಿ ನಿಲ್ಲದ ಜಾಗದ ನೇರ ಹಿಂದೆ ಅತಿ ಆಳದ ಕುಳಿ ಇದೆ. ಕುಳಿಯ ಓರೆಯಾದ ಮೈ ಧ್ವನಿಯನ್ನು ಚದುರಿಸಿಬಿಟ್ಟಿದೆ, ಹಿಂದಿರುಗಲು ಏನೂ ಉಳಿದಿಲ್ಲ. ಹಾಗಾಗಿ ಅಂಕಿ ಸಿಗದ ಜಾಗವನ್ನು ಸುಣ್ಣದ ಕಡ್ಡಿಯಿಂದ ಸುತ್ತು ಹಾಕಿ, ವರದಿಯಲ್ಲಿ ಹಾಗೆಯೇ ಬರೆದು, ತರಂಗರೂಪ ತೋರಿಸುವ ಉಪಕರಣದಿಂದ ಮತ್ತೆ ನೋಡಬೇಕು.

ಬಿರುಕಿನ ಜಾತಿಯೇ ಬೇರೆ. ತುಕ್ಕು ಗೋಡೆಯನ್ನು ತೆಳುವಾಗಿಸುತ್ತದೆ, ಬಿರುಕಾದರೋ ದಪ್ಪವನ್ನು ಹಾಗೆಯೇ ಬಿಟ್ಟು ಒಳಗೊಳಗೇ ನಡೆಯುತ್ತದೆ. ಎಳೆತ, ರಾಸಾಯನಿಕ ಪರಿಸರ, ಅದಕ್ಕೆ ಬಗ್ಗುವ ಲೋಹ, ಈ ಮೂರೂ ಒಂದೆಡೆ ಸೇರಿದಾಗ ಹುಟ್ಟುವುದು ಒತ್ತಡ-ತುಕ್ಕಿನ ಬಿರುಕು. ಮೂರರಲ್ಲಿ ಒಂದನ್ನು ತೆಗೆದರೂ ಅದು ಬೆಳೆಯದು. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನು ಬೆಸೆಯುವಾಗ ಬೆಸುಗೆಯ ಪಕ್ಕದ ಪಟ್ಟಿ 425ರಿಂದ 815 ಡಿಗ್ರಿಯ ನಡುವೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಗ ಕಾರ್ಬನ್, ಲೋಹದ ಕಣಗಳ ಅಂಚಿಗೆ ಬಂದು ಕ್ರೋಮಿಯಮ್ಮನ್ನು ಕಟ್ಟಿಹಾಕುತ್ತದೆ, ಅಂಚಿನ ಲೋಹ ರಕ್ಷಣೆಯಿಲ್ಲದೆ ಉಳಿಯುತ್ತದೆ. ಕೆಂಪುಕಲ್ಲಿನ ಹಳೆಯ ಗೋಡೆಯಲ್ಲಿ ಕಲ್ಲುಗಳು ನೆಟ್ಟಗಿದ್ದು ಸಂದಿನ ಗಾರೆ ಮಾತ್ರ ಮಳೆಗೆ ತೊಳೆದುಹೋದರೆ ಹೇಗೋ ಹಾಗೆ. 1970 ಮತ್ತು 80ರ ದಶಕಗಳಲ್ಲಿ ಕುದಿಯುವ ನೀರಿನ ರಿಯಾಕ್ಟರುಗಳ ಪೈಪುಗಳಲ್ಲಿ ಇದೇ ದೊಡ್ಡ ತಲೆನೋವಾಗಿತ್ತು. 1969ರಿಂದ ನಡೆದ ತಾರಾಪುರದ ಮೊದಲೆರಡು ಘಟಕಗಳು ಆ ಬಗೆಯವು. ಕಾರ್ಬನ್ ಶೇಕಡಾ 0.03ಕ್ಕಿಂತ ಕಡಿಮೆ ಇರುವ 304ಎಲ್ ದರ್ಜೆಯಲ್ಲಿ ಈ ತೊಂದರೆ ಕಡಿಮೆ. ಸಮುದ್ರದ ಗಾಳಿಯ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲಿಗೆ ಮತ್ತೊಂದು ಶತ್ರು. ಮೊಗ್ರಾಲಿನ ಕಡಲಬದಿಯ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಬಿರುಕು ಕೂದಲಿಗಿಂತ ತೆಳು, ಕವಲೊಡೆದದ್ದು. ಎಕ್ಸ್‌ರೇ ಕಿರಣ ಅದರ ಉದ್ದಕ್ಕೇ ಹಾಯದಿದ್ದರೆ ಫಿಲ್ಮಿನಲ್ಲಿ ಗೆರೆ ಮೂಡುವುದಿಲ್ಲ. ಆದ್ದರಿಂದ ಧ್ವನಿಯನ್ನು ಓರೆಯಾಗಿ ಕಳಿಸುವ ಕೋನದ ಪ್ರೋಬ್ ಬೇಕು. ಗೋಡೆ 20 ಮಿ.ಮೀ., ಪ್ರೋಬ್ 60 ಡಿಗ್ರಿ ಎಂದಿಟ್ಟುಕೊಳ್ಳಿ: ಧ್ವನಿ ಒಳಮೈಗೆ ಮುಟ್ಟುವ ದಾರಿ 20 ÷ ಕಾಸ್ 60, ಅಂದರೆ 40 ಮಿ.ಮೀ. ಮೇಲ್ಮೈಯಲ್ಲಿ ಅಷ್ಟಕ್ಕೆ ಸರಿಯಾದ ದೂರ 20 × ಟ್ಯಾನ್ 60, ಅಂದರೆ 34.6 ಮಿ.ಮೀ. 40ರ ಬಳಿ ಪ್ರತಿಧ್ವನಿ ಬಂದ ಕೂಡಲೇ ಬಿರುಕು ಎಂದು ಕೂಗಬೇಡಿ. ಬೆಸುಗೆಯ ಬೇರು (ಒಳಮೈ ಕಡೆಯ ತುದಿ) ಒಳಗೆ ಉಬ್ಬಿದ್ದರೂ ಅಲ್ಲೇ ಪ್ರತಿಧ್ವನಿ ಬರುತ್ತದೆ. ಸ್ಕೇಲ್ ಹಿಡಿದು ಕಾಗದದ ಮೇಲೆ ಗುರುತು ಹಾಕಿ. ಬೇರಿನ ಉಬ್ಬು ಸಾಮಾನ್ಯವಾಗಿ ಬೆಸುಗೆಯ ನಡುಗೆರೆ ದಾಟಿ, ಗೋಡೆಯ ದಪ್ಪಕ್ಕಿಂತ ತುಸು ಆಳದಲ್ಲಿ ಬೀಳುತ್ತದೆ. ಪಕ್ಕದ ಪಟ್ಟಿಯ ಬಿರುಕು ನಡುಗೆರೆಗಿಂತ ಈಚೆಗೆ, ಸರಿಯಾಗಿ ಒಳಮೈಯಲ್ಲಿ ಬೀಳುತ್ತದೆ. ಬೆಸುಗೆಯ ಎರಡೂ ಬದಿಯಿಂದ ನೋಡದೆ ತೀರ್ಪು ಕೊಡಬಾರದು. ಸ್ಟೇನ್‌ಲೆಸ್ ಸ್ಟೀಲಿನ ಬೆಸುಗೆಯಲ್ಲಿ ದಪ್ಪ ಕಣಗಳು ಧ್ವನಿಯ ದಾರಿಯನ್ನೇ ಬಾಗಿಸುವುದರಿಂದ ಇದು ಇನ್ನಷ್ಟು ಕಷ್ಟ.

2021ರ ಕೊನೆಯಲ್ಲಿ ಫ್ರಾನ್ಸಿನ ಸಿವೋ ಸ್ಥಾವರದಲ್ಲಿ ತುರ್ತು ತಂಪುನೀರಿನ ಪೈಪುಗಳ ಬೆಸುಗೆಯನ್ನು ನೋಡುತ್ತಿದ್ದವರು ಹುಡುಕುತ್ತಿದ್ದದ್ದು ತಾಪದ ಏರಿಳಿತದಿಂದಾಗುವ ಬಿರುಕನ್ನು. ಸಿಕ್ಕ ಪ್ರತಿಧ್ವನಿಯ ಪೈಪನ್ನು ಕತ್ತರಿಸಿ ಪ್ರಯೋಗಾಲಯದಲ್ಲಿ ನೋಡಿದಾಗ ಅದು ಒತ್ತಡ-ತುಕ್ಕಿನ ಬಿರುಕಾಗಿತ್ತು. ಮರುವರ್ಷ ಅಲ್ಲಿನ ಹಲವು ರಿಯಾಕ್ಟರುಗಳನ್ನು ಇದೇ ಕಾರಣಕ್ಕೆ ನಿಲ್ಲಿಸಬೇಕಾಯಿತು.

ಕಣ್ಣಿನ ತಪಾಸಣೆಯನ್ನು ನಮ್ಮವರು ಹಗುರವಾಗಿ ಕಾಣುತ್ತಾರೆ. ಅಮೆರಿಕದ ಡೇವಿಸ್-ಬೆಸಿ ಸ್ಥಾವರದ ವಿಷಯ ಓದಿದ ಮೇಲೆ ಹಾಗೆ ಕಾಣಲಾರಿರಿ. ರಿಯಾಕ್ಟರ್ ಪಾತ್ರೆಯ ಮುಚ್ಚಳದ ನಳಿಕೆಯೊಂದು ಬಿರುಕು ಬಿಟ್ಟು, ಬೋರಿಕ್ ಆಮ್ಲವಿರುವ ನೀರು ಸೋರಿ, ಮುಚ್ಚಳದ ಸ್ಟೀಲನ್ನು ತಿನ್ನುತ್ತಾ ಹೋಯಿತು. 2002ರ ಮಾರ್ಚಿನಲ್ಲಿ ಕುಳಿ ಕಂಡಾಗ ಅಷ್ಟು ದಪ್ಪದ ಮುಚ್ಚಳದಲ್ಲಿ ಉಳಿದಿದ್ದದ್ದು ಒಳಹೊದಿಕೆಯ ಸುಮಾರು 1 ಸೆಂ.ಮೀ. ಸ್ಟೇನ್‌ಲೆಸ್ ಸ್ಟೀಲ್ ಮಾತ್ರ. ಸೂಚನೆಗಳು ಮೊದಲೇ ಇದ್ದವು. ಒಣಗಿದ ಬೋರಿಕ್ ಆಮ್ಲ ಬೆಳ್ಳಗಿರಬೇಕು, ಅಲ್ಲಿ ಕೆಂಗಂದಾಗಿತ್ತು. ಗಾಳಿಯ ಫಿಲ್ಟರುಗಳು ತುಕ್ಕಿನ ಪುಡಿಯಿಂದ ಕಟ್ಟಿಕೊಳ್ಳುತ್ತಿದ್ದವು. ಕಂಡವರು ಇದ್ದರು, ಆ ಬಣ್ಣ ಎಲ್ಲಿಂದ ಬಂತೆಂದು ಬೆನ್ನು ಹತ್ತಿದವರು ಇರಲಿಲ್ಲ.

ಕೈಗಾದ ನಾಲ್ಕೂ ಘಟಕಗಳು 220 ಮೆಗಾವಾಟಿನ ಭಾರಜಲ ರಿಯಾಕ್ಟರುಗಳು. ಒಂದೊಂದರಲ್ಲೂ 306 ಶೀತಕ ನಾಳಗಳು, ಪ್ರತಿ ನಾಳದೊಳಗೆ ಜಿರ್ಕೋನಿಯಂ ಮಿಶ್ರಲೋಹದ ಒತ್ತಡ ಕೊಳವೆ. ಓಡುತ್ತಿರುವಾಗಲೇ ಇಂಧನ ತುಂಬಬಹುದಾದ್ದರಿಂದ ಇವನ್ನು ಆಗಾಗ ನಿಲ್ಲಿಸಬೇಕಿಲ್ಲ. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ಓಡಿತ್ತು. ಆದರೆ ಕೊಳವೆಯೊಳಗೆ ತಪಾಸಣೆಯ ತಲೆ ತೂರಿಸಲು ಘಟಕ ನಿಂತಿರಲೇಬೇಕು. ಈ ಕೆಲಸಕ್ಕಾಗಿ ಭಾಭಾ ಅಣು ಸಂಶೋಧನಾ ಕೇಂದ್ರ ಬಾರ್ಸಿಸ್ ಎಂಬ ದೂರನಿಯಂತ್ರಿತ ವ್ಯವಸ್ಥೆಯನ್ನು ರೂಪಿಸಿದೆ. ಇಲ್ಲಿ ಮುಖ್ಯ ಭಯ ಹೈಡ್ರೋಜನ್ನಿನದು. ಕೊಳವೆ ಅದನ್ನು ಮೆಲ್ಲಮೆಲ್ಲನೆ ಹೀರುತ್ತದೆ. ಕೊಳವೆ ಜೋತು ಹೊರಗಿನ ತಣ್ಣನೆಯ ಕೊಳವೆಯನ್ನು ತಾಗಿದರೆ, ತಾಗಿದ ಕಡೆ ಹೈಡ್ರೈಡ್ (ಹೈಡ್ರೋಜನ್ ಲೋಹದೊಡನೆ ಸೇರಿ ಆದ ಪೆಡಸು ವಸ್ತು) ಗುಳ್ಳೆಯೆದ್ದು ಬಿರಿಯುತ್ತದೆ. ಕೆನಡಾದ ಪಿಕರಿಂಗಿನಲ್ಲಿ 1983ರಲ್ಲಿ ಕೊಳವೆ ಸೀಳಿದ್ದು ಹೀಗೆ. ಗುಜರಾತಿನ ಕಾಕ್ರಾಪಾರದ ಮೊದಲ ಘಟಕದಲ್ಲಿ 2016ರ ಮಾರ್ಚ್ 11ರಂದು ನಾಳ ಸೋರಿದಾಗ ಕಂಡದ್ದು ಬೇರೆಯೇ: ಕೊಳವೆಯ ಹೊರಮೈಯಲ್ಲಿ, ಸುತ್ತಲಿನ ಕಾರ್ಬನ್ ಡೈಆಕ್ಸೈಡ್ ಅನಿಲ ತಾಗುವ ಕಡೆ, ತುಕ್ಕಿನ ಚುಕ್ಕೆಗಳು. ತಪಾಸಣೆಯ ತಲೆ ಓಡಾಡುವುದು ಒಳಗೆ ಎಂಬುದನ್ನು ಜೊತೆಗೆ ನೆನೆಯಿರಿ.

ಉಗಿಜನಕದ ಸಾವಿರಾರು ಸಣ್ಣ ಕೊಳವೆಗಳಿಗೆ ಎಡ್ಡಿ ಕರೆಂಟೇ ಸರಿ, ಏಕೆಂದರೆ ಅದು ವೇಗವಾದದ್ದು, ಗ್ರೀಸ್ ಬೇಡ. ಆ ಕೊಳವೆಗಳ ಇಂಕಲಾಯ್ 800 ಮಿಶ್ರಲೋಹದಲ್ಲಿ 100 ಕಿಲೋಹರ್ಟ್ಸಿಗೆ ವಿದ್ಯುತ್ ಇಳಿಯುವ ಆಳ ಸುಮಾರು 1.6 ಮಿ.ಮೀ., ಗೋಡೆ ಒಂದು ಮಿ.ಮೀ.ಗೆ ತುಸು ಹೆಚ್ಚು. ಆವೃತ್ತಿ ನಾಲ್ಕು ಪಟ್ಟಾದರೆ ಆಳ ಅರ್ಧವಾಗುತ್ತದೆ, ಹೊರಮೈಯ ದೋಷ ಮಸುಕಾಗುತ್ತದೆ. ಪರೀಕ್ಷೆಯಲ್ಲಿ ಈ ಲೆಕ್ಕ ಬಂದೇ ಬರುತ್ತದೆ.

ಕೊನೆಗೆ ಉಳಿದ ಆಯುಸ್ಸಿನ ಲೆಕ್ಕ. ಪೈಪ್ ಮೊದಲು 10 ಮಿ.ಮೀ., 10 ವರ್ಷಗಳ ಬಳಿಕ 8.5, ಇರಲೇಬೇಕಾದ ಕನಿಷ್ಠ 5.5 ಎಂದುಕೊಳ್ಳಿ. ವರ್ಷಕ್ಕೆ 0.15 ಸವೆತ, ಉಳಿದದ್ದು 3 ಮಿ.ಮೀ., ಉತ್ತರ 20 ವರ್ಷ. ಗಣಿತ ಸುಲಭ, ಆದರೆ ಎರಡು ಅಳತೆಗಳೂ ಒಂದೇ ಬಿಂದುವಿನವಾಗಿದ್ದರೆ ಮಾತ್ರ ಅದಕ್ಕೆ ಅರ್ಥ. ಹೊಸ ಪೈಪಿನ 10 ಮಿ.ಮೀ. ಅಳೆದದ್ದೋ, ಕ್ಯಾಟಲಾಗಿನಿಂದ ಎತ್ತಿದ್ದೋ ಎಂದು ಮೊದಲು ವಿಚಾರಿಸಿ. ತಯಾರಿಕೆಯಲ್ಲೇ ಗೋಡೆ 11 ಇದ್ದಿದ್ದರೆ ಸವೆತ ವರ್ಷಕ್ಕೆ 0.25, ಉಳಿದ ಆಯುಸ್ಸು 12 ವರ್ಷಕ್ಕೆ ಇಳಿಯುತ್ತದೆ. ಎಲ್ಬೋದ ಮೇಲೆ ಚೌಕಗಳ ಜಾಲ ಬರೆದು, ಪ್ರತಿ ಚೌಕಕ್ಕೂ ಹೆಸರಿಟ್ಟು, ಮುಂದಿನ ಸಲ ಬರುವವನಿಗೆ ಅದೇ ಚೌಕ ಸಿಗುವಂತೆ ನಕ್ಷೆಯನ್ನು ವರದಿಗೆ ಲಗತ್ತಿಸಬೇಕು.