ಕೇಜನ್ ಅಕಾರ್ಡಿಯನ್: ಶನಿವಾರದ ಕೂಟದಿಂದ ಆನ್‌ಲೈನ್ ಪಾಠದವರೆಗೆ

ಅಮೆರಿಕದ ಲೂಯಿಸಿಯಾನ ರಾಜ್ಯದ ನೈಋತ್ಯ ಬಯಲಿನ ಕೇಜನ್ ಮತ್ತು ಕ್ರಿಯೋಲ್ ಸಂಗೀತ ಕಿವಿಯಿಂದ ಕೈಗೆ ಬಂದದ್ದು, ಹಾಳೆಯಿಂದಲ್ಲ. ಅದನ್ನು ಪರದೆಯ ಮೂಲಕ ಕಲಿಸಬಹುದೇ ಎಂಬ ವಾದದಲ್ಲಿ ಎರಡೂ ಕಡೆಯವರು ಒಂದಿಷ್ಟು ಇತಿಹಾಸವನ್ನು ಮರೆಯುತ್ತಾರೆ.

1755ರಿಂದ ಈಗಿನ ಕೆನಡಾದ ನೋವಾ ಸ್ಕೋಷಿಯಾದಿಂದ ಹೊರದಬ್ಬಿಸಿಕೊಂಡ ಫ್ರೆಂಚ್ ಭಾಷಿಕರು (ಇವರ ವಂಶಜರೇ ಕೇಜನ್ನರು), ಅದೇ ಬಯಲಲ್ಲಿ ಫ್ರೆಂಚ್ ಮಾತಾಡುತ್ತಿದ್ದ ಕಪ್ಪು ಕ್ರಿಯೋಲ್ ಕುಟುಂಬಗಳು, 19ನೇ ಶತಮಾನದ ಕೊನೆಗೆ ಬಂದ ಜರ್ಮನ್ ಅಕಾರ್ಡಿಯನ್: ಬೇರು ಇಷ್ಟು. 1921ರಲ್ಲಿ ಶಾಲೆಗಳಿಂದ ಫ್ರೆಂಚ್ ಹೊರಬಿತ್ತು. 1928ರಲ್ಲಿ ಜೋ ಫಾಲ್ಕನ್ ಮತ್ತು ಮುಂದೆ ಅವರ ಪತ್ನಿಯಾದ ಕ್ಲಿಯೋಮಾ ಬ್ರೋ ಅವರ ಮೊದಲ ಧ್ವನಿಮುದ್ರಿಕೆ ಬಂತು. ಮರುವರ್ಷ ಕ್ರಿಯೋಲ್ ಅಕಾರ್ಡಿಯನ್ ವಾದಕ ಅಮೆಡೆ ಆರ್ಡ್ವಾನ್ ಬಿಳಿಯ ಪಿಟೀಲುಗಾರ ಡೆನಿಸ್ ಮೆಗೀ ಜೊತೆ ನುಡಿಸಿದರು. ಆಮೇಲೆ ಅಕಾರ್ಡಿಯನ್ ಮೂಲೆ ಸೇರಿತು, 1948ರ ಹೊತ್ತಿಗೆ ಐರಿ ಲೆಜ್ಯೂನ್ ಕೈಯಲ್ಲಿ ಮರಳಿತು. 1964ರ ನ್ಯೂಪೋರ್ಟ್ ಜಾನಪದ ಉತ್ಸವದಿಂದ ಕೇಜನ್ ಪಿಟೀಲುಗಾರ ಡ್ಯೂಯಿ ಬಾಲ್ಫಾ ಊರಿಗೆ ಹಿಂತಿರುಗುವಾಗ ಹೊರಗಿನವರ ಆಸಕ್ತಿಯೂ ಬೆನ್ನಿಗೆ ಬಂತು. ಕ್ಯಾಸೆಟ್, ವಿಡಿಯೋ ಟೇಪ್, ಯೂಟ್ಯೂಬ್ ಒಂದರ ಹಿಂದೊಂದು ಬಂದವು. ಅಂದರೆ ಉತ್ತರ ಕೊಡದ ಗುರುವಿನಿಂದ ಕಲಿಯುವುದು ಇಲ್ಲಿ ಹೊಸತಲ್ಲ; ಗ್ರಾಮಫೋನ್ ತಟ್ಟೆಯೂ ಅಂಥದೇ ಗುರು.

2020ರಲ್ಲಿ ಶಿಬಿರಗಳೂ ಕೂಟಗಳೂ ನಿಂತಾಗ ಪಾಠ ಜೂಮ್‌ಗೆ ಹೋಯಿತು. ತೊಡಕುಗಳು ಹೊರಬಿದ್ದದ್ದು ಆಗಲೇ.

ಮೊದಲನೆಯದು ಸದ್ದು. ಮಾತಿಗೆಂದು ಮಾಡಿದ ತಂತ್ರಾಂಶ, ಎಳೆದು ನಿಲ್ಲುವ ಸ್ವರವನ್ನು ಫ್ಯಾನಿನ ಗದ್ದಲವೆಂದು ಭಾವಿಸಿ ಅಳಿಸುತ್ತದೆ. ಅಮೆರಿಕದಲ್ಲಿರುವ ಶಿಷ್ಯರಿಗೆ ಕರ್ನಾಟಕ ಸಂಗೀತ ಹೇಳಿಕೊಡುವವರಿಗೆ ಇದು ಗೊತ್ತು: ಶ್ರುತಿಪೆಟ್ಟಿಗೆ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. 'ಒರಿಜಿನಲ್ ಸೌಂಡ್' ಆನ್ ಮಾಡಿ, ಸದ್ದಡಗಿಸುವಿಕೆ ಆಫ್ ಮಾಡಿ, ಹೆಡ್‌ಫೋನ್ ಹಾಕಬೇಕು. ಅಕಾರ್ಡಿಯನ್ ಮೇಲಿನ ನಾಲ್ಕು ಗುಬುಟುಗಳು ನಾಲ್ಕು ಸಾಲು ರೀಡುಗಳನ್ನು (ಕಂಪಿಸಿ ಸ್ವರ ಕೊಡುವ ಲೋಹದ ಪಟ್ಟಿಗಳನ್ನು) ತೆರೆಯುತ್ತವೆ. ನಾಲ್ಕೂ ತೆರೆದರೆ ಲ್ಯಾಪ್‌ಟಾಪ್ ಮೈಕು ಒಡೆದ ದನಿ ಕಳಿಸುತ್ತದೆ. ಪಾಠಕ್ಕೆ ಎರಡು ಸಾಕು.

ಎರಡನೆಯದು ಕ್ಯಾಮೆರಾ. ಎಲ್ಲರೂ ಬಲಗೈಯ ಹತ್ತು ಬಟನ್‌ಗಳನ್ನೇ ತೋರಿಸುತ್ತಾರೆ. ಆದರೆ ಸಿ ಶ್ರುತಿಯ ವಾದ್ಯದಲ್ಲಿ ತಿದಿ ಒತ್ತಿದರೆ ಸಿ, ಇ, ಜಿ. ಎಳೆದರೆ ಡಿ, ಎಫ್, ಎ, ಬಿ. ಒಂದೇ ಬಟನ್, ಎರಡು ಸ್ವರ. ಲಯ ಹುಟ್ಟುವುದು ತಿದಿಯ ಈ ತಿರುವಿನಲ್ಲಿ. ಹೊಸಬರಿಗೆ ಗಾಳಿ ಮುಗಿದು ಸಾಲು ಅರ್ಧಕ್ಕೆ ನಿಲ್ಲುವುದಕ್ಕೆ ಕಾರಣ ಎಡ ಹೆಬ್ಬೆರಳು ಗಾಳಿ ಬಟನ್ ಒತ್ತಲು ಮರೆತದ್ದು. ಎಡಗೈ ಚೌಕಟ್ಟಿನಲ್ಲೇ ಇಲ್ಲದಿದ್ದರೆ ಗುರು ತಿದ್ದುವುದು ಹೇಗೆ? ಕ್ಯಾಮೆರಾ ಎದೆಮಟ್ಟದಲ್ಲಿರಲಿ, ತಿದಿ ಪೂರ್ತಿ ತೆರೆದಾಗಲೂ ಎರಡು ತುದಿ ಕಾಣಲಿ.

ಟ್ಯೂನರ್ ಆಪ್ ಇನ್ನೊಂದು ಗೊಂದಲ. ಈ ವಾದ್ಯಗಳಲ್ಲಿ ಇ ಸ್ವರವನ್ನು ಬೇಕೆಂದೇ ಹತ್ತು-ಹದಿನಾಲ್ಕು ಸೆಂಟ್‌ನಷ್ಟು (ಒಂದು ಸೆಂಟ್ ಎಂದರೆ ಅರ್ಧ ಸ್ವರದ ನೂರನೇ ಒಂದು ಪಾಲು) ತಗ್ಗಿಸಿರುತ್ತಾರೆ. ಹಾರ್ಮೋನಿಯಂ ಗಾಂಧಾರಕ್ಕೂ ತಂಬೂರಿಯಲ್ಲಿ ಕೇಳುವ ಗಾಂಧಾರಕ್ಕೂ ಇರುವ ವ್ಯತ್ಯಾಸ ಇದೇ. ಆಪ್ ಕೆಂಪು ತೋರಿಸಿತೆಂದು ರೀಡು ಕೆರೆಯಬೇಡಿ. ಪಿಟೀಲಿನವರೂ ಸಾಮಾನ್ಯವಾಗಿ ನಾಲ್ಕೂ ತಂತಿಗಳನ್ನು ಒಂದು ಪೂರ್ಣ ಸ್ವರ ಇಳಿಸಿ ಎಫ್-ಸಿ-ಜಿ-ಡಿ ಮಾಡಿಕೊಳ್ಳುತ್ತಾರೆ; ಡಿ ಬೆರಳು ಹಿಡಿತದಲ್ಲೇ ಸಿ ಕೇಳಿಸುತ್ತದೆ. ಇದನ್ನು ಮೊದಲ ದಿನವೇ ಹೇಳದಿದ್ದರೆ ಅರ್ಧ ಪಾಠ ಶ್ರುತಿ ಹುಡುಕುವುದರಲ್ಲೇ ಹೋಗುತ್ತದೆ.

ಸೆಟ್ಟಿಂಗ್‌ನಿಂದ ಬಗೆಹರಿಯದ್ದು ತಡ. ಗಾಳಿಯಲ್ಲಿ ಸದ್ದು ಒಂದು ಮೀಟರಿಗೆ ಸುಮಾರು 3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. 25-30 ದಾಟಿದರೆ ಜೊತೆ ನುಡಿಸುವುದು ಕಷ್ಟ. ವಿಡಿಯೋ ಕರೆಯಲ್ಲಿ 150 ಸಾಮಾನ್ಯ. ನಿಮಿಷಕ್ಕೆ 160 ಪೆಟ್ಟಿನ ವಾಲ್ಟ್ಜ್‌ನಲ್ಲಿ (ಮೂರು ಪೆಟ್ಟಿನ ಕುಣಿತದ ಲಯ) ಅದು ಹತ್ತಿರಹತ್ತಿರ ಅರ್ಧ ಪೆಟ್ಟು. ಜ್ಯಾಮ್ಯುಲಸ್, ಜ್ಯಾಕ್‌ಟ್ರಿಪ್‌ನಂಥ ಸದ್ದಿಗೆಂದೇ ಇರುವ ತಂತ್ರಾಂಶಗಳು, ವೈಫೈ ಬಿಟ್ಟು ಕೇಬಲ್ ಹಾಕಿದರೆ, ಹತ್ತಿರದ ಊರುಗಳ ನಡುವೆ ನಡೆಯುತ್ತವೆ. ಲೂಯಿಸಿಯಾನದ ಲಫಾಯೆಟ್‌ನಿಂದ ಪ್ಯಾರಿಸ್‌ಗೆ ಸುಮಾರು 8,000 ಕಿ.ಮೀ.; ಫೈಬರ್‌ನಲ್ಲಿ ಬೆಳಕಿಗೇ 40 ಮಿಲಿಸೆಕೆಂಡ್ ಬೇಕು. ಹಣ ಸುರಿದರೂ ಅದು ಇಳಿಯದು.

ಹಾಗಾಗಿ ಶಿಷ್ಯ ಮ್ಯೂಟ್‌ನಲ್ಲಿ ಗುರುವಿನ ಹಿಂದೆ ನುಡಿಸುತ್ತಾನೆ, ಸದಾ ಹಿಂದೆಯೇ. ಲೂಯಿಸಿಯಾನದ ಯುನಿಸ್ ಪಟ್ಟಣದಲ್ಲಿ ಅಕಾರ್ಡಿಯನ್ ತಯಾರಕ ಮಾರ್ಕ್ ಸವಾ ಅವರ ಅಂಗಡಿಯ ಶನಿವಾರ ಬೆಳಗಿನ ಕೂಟದಲ್ಲಿ ಹೊಸಬರು ಬದಿಗೆ ಕೂತು, ಕಬ್ಬಿಣದ ತ್ರಿಕೋನ ಎಲ್ಲಿ ಬಡಿಯುತ್ತದೆ, ಯಾರು ಯಾವಾಗ ಸುಮ್ಮನಾಗುತ್ತಾರೆ ಎಂದು ಕಲಿಯುತ್ತಾರೆ. ಸುಮ್ಮನಾಗುವುದಕ್ಕೆ ಜೂಮ್‌ನಲ್ಲಿ ಪಾಠವೇ ಇಲ್ಲ.

ಹೆಚ್ಚು ಸೊರಗುವುದು ಕ್ರಿಯೋಲ್ ಪಾಲು. ಆರ್ಡ್ವಾನ್ ಬಿಟ್ಟುಹೋದದ್ದು 34 ಹಾಡುಗಳು. ಶ್ರುತಿ ಕೆಡಿಸದೆ ಅವನ್ನು ಅರ್ಧ ವೇಗಕ್ಕೆ ಇಳಿಸಿ ಬಟನ್ ಎಣಿಸಬಹುದು, ಆದರೆ ಪೆಟ್ಟಿಗಿಂತ ಕೂದಲೆಳೆ ಮುಂಚೆ ತಿರುಗುವ ಅವರ ತಿದಿ ಆ ವೇಗದಲ್ಲಿ ಬರೀ ತಪ್ಪಿನಂತೆ ಕೇಳುತ್ತದೆ, ಶಿಷ್ಯ ಅದನ್ನು ತಿದ್ದಿ ನುಡಿಸುತ್ತಾನೆ. ಮುಕ್ಕಾಲು ವೇಗಕ್ಕಿಂತ ಕೆಳಗೆ ಇಳಿಸದಿರುವುದು ಒಳ್ಳೆಯದು.