ಊರು ಮೆಚ್ಚಿದ ಹುಡುಗ ತಂಡಕ್ಕೆ ಯಾಕೆ ಬರಲಿಲ್ಲ?

ಬಳ್ಳಾರಿಯಲ್ಲಿ ಹಾಕಿ ಕಲಿಸುವವನಿಗೆ ಜಾಸ್ತಿ ಎದುರಾಗುವ ಪ್ರಶ್ನೆ ಒಂದೇ. ಚಹಾ ಅಂಗಡಿಯಲ್ಲೂ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ. "ಸರ್, ಆ ಹುಡುಗ ಎಂಥಾ ಆಟ ಆಡ್ತಿದ್ದ! ಇಂಡಿಯಾ ಟೀಮಿಗೇ ಹೋಗ್ತಾನ ಅಂದ್ಕೊಂಡಿದ್ವಿ. ಏನಾಯ್ತು?" ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ. "ವಶೀಲಿ ಇರ್ಲಿಲ್ಲ ಬಿಡ್ರಿ, ಅಷ್ಟೇ."

ವಶೀಲಿ ನಡೆಯುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ನಾನು ಹತ್ತಿರದಿಂದ ಬಲ್ಲ ಹುಡುಗರಲ್ಲಿ ಹೆಚ್ಚಿನವರ ಆಟ ನಿಂತದ್ದಕ್ಕೆ ಕಾರಣ ಬೇರೆ. ಊರು ಮೆಚ್ಚುವ ಆಟ ಒಂದು, ಮೇಲಿನ ಹಂತದಲ್ಲಿ ಕೇಳುವ ಆಟ ಇನ್ನೊಂದು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲೇ ಇದನ್ನು ಅವರಿಗೆ ಯಾರಾದರೂ ಕೂರಿಸಿ ಹೇಳಬೇಕಿತ್ತು. ಚಪ್ಪಾಳೆಯ ನಡುವೆ ಯಾರೂ ಹೇಳಲಿಲ್ಲ.

ಊರು ಏನನ್ನು ನೋಡುತ್ತದೆ? ನಮ್ಮ ಕಡೆ ಟೂರ್ನಮೆಂಟ್ ಅಂದರೆ ಮೈಕು ಇರಲೇಬೇಕು. ಹುಡುಗ ಇಬ್ಬರನ್ನು ಡಾಡ್ಜ್ ಮಾಡಿ ಡಿ ಒಳಗೆ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದೊಳಗೆ, ನುಗ್ಗಿದರೆ ಮೈಕಿನವರ ದನಿ ಏರುತ್ತದೆ. ಗೋಲಾದರೆ ಊರಿನ ಹಿರಿಯರು ಯಾರಾದರೂ ಐನೂರು ರೂಪಾಯಿ ಬಹುಮಾನ ಕೂಗಿಸುತ್ತಾರೆ. ಮುಂದಿನ ಸಲ ಅವನ ಸ್ಟಿಕ್ಕಿಗೆ ಚೆಂಡು ಬಂತೆಂದರೆ ಜನ ಎದ್ದು ನಿಲ್ಲುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಜನ ಬರುವುದೇ ಇದನ್ನು ನೋಡಲು. ನಾನೂ ಇಂಥ ಆಟ ನೋಡಿಯೇ ಸ್ಟಿಕ್ ಹಿಡಿದವನು.

ಈಗ ಒಂದು ಸಣ್ಣ ಲೆಕ್ಕ ಹಾಕಿ. ಪಂದ್ಯ 60 ನಿಮಿಷ. ಮೈದಾನದಲ್ಲಿ 22 ಜನ. ಚೆಂಡನ್ನು ಎಲ್ಲರಿಗೂ ಸಮನಾಗಿ ಹಂಚಿದರೂ ಒಬ್ಬನ ಪಾಲಿಗೆ ಪೂರ್ತಿ ಮೂರು ನಿಮಿಷ ಬರುವುದಿಲ್ಲ. ಊರು ಆ ಮೂರು ನಿಮಿಷ ನೋಡುತ್ತದೆ. ಸೆಲೆಕ್ಟರ್ ನೋಡುವುದು ಉಳಿದ ಐವತ್ತೇಳು ನಿಮಿಷ. ಚೆಂಡು ಕಳೆದುಕೊಂಡ ಮೇಲೆ ಹುಡುಗ ತಿರುಗಿ ಓಡಿದನಾ, ಸೊಂಟದ ಮೇಲೆ ಕೈ ಇಟ್ಟು ನಿಂತನಾ? ಪಾಸು ಬರುವ ಮೊದಲೇ ಹಿಂದೆ ಯಾರಿದ್ದಾರೆ ಅಂತ ಒಮ್ಮೆ ತಿರುಗಿ ನೋಡಿದನಾ? ಜೊತೆಗಾರನಿಗೆ ಜಾಗ ಸಿಗಲಿ ಅಂತ ಎದುರಾಳಿಯನ್ನು ತನ್ನ ಕಡೆ ಎಳೆದುಕೊಂಡು ಹೋದನಾ? ಇದಕ್ಕೆಲ್ಲ ಯಾರೂ ಬಹುಮಾನ ಕೂಗಿಸುವುದಿಲ್ಲ. ತಂಡಕ್ಕೆ ಆರಿಸುವ ಟ್ರಯಲ್ಸ್‌ನಲ್ಲಿ ಮಾತ್ರ ಹಾಳೆಯ ಮೇಲೆ ಬರೆದುಕೊಳ್ಳುವುದು ಇದನ್ನೇ.

ನೆಲಕ್ಕೂ ಇದರಲ್ಲಿ ದೊಡ್ಡ ಪಾಲಿದೆ. ನಾನು ಕಲಿಸುವ ಮೈದಾನ ಮಣ್ಣಿನದು. ಸಣ್ಣ ಕಲ್ಲು, ಒಣಗಿದ ಹುಲ್ಲಿನ ಬುಡ, ಬೇಸಿಗೆ ಬಂತೆಂದರೆ ಬಿರುಕು. ಅಲ್ಲಿ ಹೊಡೆದ ಪಾಸು ನೇರ ಹೋಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ, ನಡುವೆ ಎಗರುತ್ತದೆ. ಹಾಗಾಗಿ ಚುರುಕು ಹುಡುಗ ಪಾಸನ್ನು ನಂಬುವುದಿಲ್ಲ. ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ತಾನೇ ಹೋಗುತ್ತಾನೆ. ಮಣ್ಣಿನ ಮೇಲೆ ಅದು ಸರಿಯಾದ ಆಟವೇ. ಆ ಮೆತ್ತನೆಯ ಮಣಿಕಟ್ಟು ನಮ್ಮ ಹುಡುಗರಿಗೆ ಬಂದಿರುವುದೇ ಈ ಕೆಟ್ಟ ನೆಲದಿಂದ.

ನೀರು ಹಾಯಿಸಿದ ಟರ್ಫ್, ಅಂದರೆ ಕೃತಕ ಹುಲ್ಲಿನ ನೆಲದ ಮೇಲೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಚೆಂಡು ಗೆರೆ ಎಳೆದಂತೆ ಹೋಗುತ್ತದೆ. ಯಾರ ಕಾಲಿಗಿಂತಲೂ ಅದರ ವೇಗ ಜಾಸ್ತಿ. ನೀವು ಮೂವರನ್ನು ಡಾಡ್ಜ್ ಮಾಡುವಷ್ಟರಲ್ಲಿ ಐದು ಜನ ಹಿಂದೆ ಬಂದು ಡಿ ತುಂಬಿ ನಿಂತಿರುತ್ತಾರೆ. ಭಾರತದ ಹಾಕಿಯೇ ಈ ಪಾಠವನ್ನು ಪೆಟ್ಟು ತಿಂದು ಕಲಿಯಿತು. 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದೆವು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕೃತಕ ಹುಲ್ಲಿನ ಮೇಲೆ ಆಡಿಸಿದರು. 1928ರಿಂದ ಆಡಿದ ಪ್ರತಿ ಒಲಿಂಪಿಕ್ಸ್‌ನಲ್ಲೂ ಪದಕ ತಂದಿದ್ದ ಭಾರತ ಅಲ್ಲಿ ಏಳನೇ ಸ್ಥಾನಕ್ಕೆ ಇಳಿಯಿತು. ವಿಶ್ವಕಪ್ ಗೆದ್ದ ದೇಶಕ್ಕೇ ಹೀಗಾದರೆ, ಟ್ರಯಲ್ಸ್ ದಿನವೇ ಮೊದಲ ಸಲ ಟರ್ಫ್ ಮೆಟ್ಟುವ ಹದಿನಾರರ ಹುಡುಗನ ಪಾಡೇನು?

ನಿಯಮಗಳೂ ಅದೇ ದಿಕ್ಕಿಗೆ ಹೋದವು. ಎದುರಾಳಿಯ ಗೋಲಿನ ಹತ್ತಿರ ಮೊದಲೇ ಹೋಗಿ ನಿಲ್ಲಬಾರದು ಅನ್ನುವ ಆಫ್‌ಸೈಡ್ ನಿಯಮ ತೊಂಬತ್ತರ ದಶಕದಲ್ಲಿ ಹೋಯಿತು. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು ಅಂತಾಯಿತು. ದಣಿದವನು ಹೊರಗೆ, ತಾಜಾ ಕಾಲು ಒಳಗೆ. ಇದರಿಂದ ವೇಗ ಇಳಿಯುವುದೇ ಇಲ್ಲ. "ನಾನು ಫಾರ್ವರ್ಡ್, ಗೋಲು ಹೊಡೆಯೋದು ನನ್ನ ಕೆಲಸ" ಅನ್ನುವ ಹುಡುಗನಿಗೆ ಈಗ ಜಾಗವಿಲ್ಲ. ಎದುರಾಳಿಯ ಗೋಲಿನ ಮುಂದೆ ಕಾಯುವ ಫುಲ್‌ಬ್ಯಾಕ್ ಚೆಂಡು ಹೊರಗೆ ತೆಗೆಯುವಾಗ ಅವನ ಮೇಲೆ ಮೊದಲು ಮುಗಿಬೀಳಬೇಕಾದವನೇ ಫಾರ್ವರ್ಡ್.

ಇನ್ನು ವಯಸ್ಸಿನ ವಿಷಯ. ಇದನ್ನು ತಂದೆತಾಯಿಗಳು ಗಮನ ಕೊಟ್ಟು ಓದಬೇಕು. ಹದಿನಾಲ್ಕರೊಳಗಿನ ತಂಡದಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಪಕ್ಕದವನ ದನಿಯೇ ಇನ್ನೂ ಒಡೆದಿರುವುದಿಲ್ಲ. ಇಬ್ಬರೂ ಒಂದೇ ವರ್ಷ ಹುಟ್ಟಿದವರು. ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರ್‌ನಲ್ಲಿ ಹುಟ್ಟಿದವನಿಗೂ ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಅದರ ಮೇಲೆ ಮೈ ಬೆಳೆಯುವ ಕಾಲ ಒಬ್ಬೊಬ್ಬರಿಗೆ ಒಂದೊಂದು. ಬೇಗ ಬೆಳೆದವನು ಎಲ್ಲರನ್ನೂ ಓಡಿ ಹಿಂದಿಕ್ಕುತ್ತಾನೆ. ಅವನ ಹೊಡೆತಕ್ಕೆ ಗೋಲ್‌ಕೀಪರ್‌ನ ಕಾಲು ನಡುಗುತ್ತದೆ. ಊರಿಗೆ ಅದು ಪ್ರತಿಭೆಯಂತೆ ಕಾಣುತ್ತದೆ. ಹುಡುಗನಿಗೂ ಹಾಗೇ ಕಾಣುತ್ತದೆ. ಓಡಿ ಗೆಲ್ಲುವುದು ಸುಲಭವಾದಾಗ ಬಂದ ಚೆಂಡನ್ನು ತಡೆದು ನಿಲ್ಲಿಸುವ ಟ್ರ್ಯಾಪ್, ಪಾಸು, ಚೆಂಡು ಕಸಿಯುವ ಟ್ಯಾಕಲ್ ಕಲಿಯುವ ಅಗತ್ಯ ಅವನಿಗೆ ಯಾಕೆ ಬೀಳುತ್ತದೆ? ಹದಿನೆಂಟಕ್ಕೆ ಉಳಿದವರೂ ಬೆಳೆದು ಬರುತ್ತಾರೆ. ಆಗ ಇವನ ಕೈಯಲ್ಲಿ ಏನೂ ಇರುವುದಿಲ್ಲ.

ಸರ್ಟಿಫಿಕೇಟಿನಲ್ಲಿ ವಯಸ್ಸು ಇಳಿಸಿ ಆಡಿಸುವವರು ಮಾಡುವ ಹಾನಿಯೂ ಇದೇ. ಅದು ಮೋಸ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಮೊದಲು ಹಾಳಾಗುವುದು ಆ ಹುಡುಗನೇ. ತನಗಿಂತ ಎರಡು ವರ್ಷ ಚಿಕ್ಕವರ ಮೇಲೆ ಗೆದ್ದು ಗೆದ್ದು, ಕಲಿಯಬೇಕಾದ ವರ್ಷಗಳನ್ನು ಅವನು ಕಳೆದುಕೊಳ್ಳುತ್ತಾನೆ. ಇದನ್ನು ಮಾಡಿಸುವ ಹಿರಿಯರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ನಮ್ಮಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಅಮೆರಿಕ, ಕೆನಡಾದಲ್ಲಿ ಆಡುವ ಐಸ್ ಹಾಕಿಯ ಎನ್‌ಎಚ್‌ಎಲ್ ಲೀಗ್‌ನಲ್ಲಿ ಹದಿನೆಂಟರ ಹುಡುಗರನ್ನು ತಂಡಗಳು ಸರದಿಯ ಮೇಲೆ ಆರಿಸುತ್ತವೆ. ದುಡ್ಡು ಸುರಿದು, ದೇಶ ದೇಶ ಸುತ್ತಿ ಹುಡುಗರನ್ನು ನೋಡಿ ಬರುವ ಸ್ಕೌಟ್‌ಗಳು ಅಲ್ಲಿದ್ದಾರೆ. 1999ರಲ್ಲಿ ಎಲ್ಲರಿಗಿಂತ ಮೊದಲು ಆರಿಸಿದ್ದು ಚೆಕ್ ದೇಶದ ಪ್ಯಾಟ್ರಿಕ್ ಸ್ಟೆಫಾನ್‌ನನ್ನು. ಏಳು ಸೀಸನ್‌ಗಳಲ್ಲಿ ಅವನು ಹೊಡೆದದ್ದು 64 ಗೋಲು. ಗಾಯಗಳೂ ಕಾಡಿದವು. ಅದೇ ವರ್ಷ 210ನೆಯವನಾಗಿ ಡೆಟ್ರಾಯಿಟ್ ತಂಡ ಸ್ವೀಡನ್‌ನ ಹೆನ್ರಿಕ್ ಜೆಟ್ಟರ್‌ಬರ್ಗ್‌ನನ್ನು ತೆಗೆದುಕೊಂಡಿತು. ಅವನು 2008ರಲ್ಲಿ ಆ ಲೀಗ್‌ನ ಸ್ಟ್ಯಾನ್ಲಿ ಕಪ್ ಗೆದ್ದ, ಕಪ್ಪಿಗಾಗಿ ಆಡುವ ಕೊನೆಯ ಸುತ್ತುಗಳ (ಪ್ಲೇಆಫ್) ಅತ್ಯುತ್ತಮ ಆಟಗಾರನೂ ಆದ, ಮುಂದೆ ಅದೇ ತಂಡದ ನಾಯಕನಾದ. ಅಷ್ಟೆಲ್ಲ ಸೌಲಭ್ಯ ಇರುವವರಿಗೇ ಹದಿನೆಂಟರ ಹುಡುಗನನ್ನು ನೋಡಿ ಇಪ್ಪತ್ತೆಂಟರ ಆಟಗಾರನನ್ನು ಊಹಿಸಲು ಆಗಲಿಲ್ಲ.

ನಮ್ಮದೇ ಉದಾಹರಣೆ ಇನ್ನೂ ಹತ್ತಿರದ್ದು. 2016ರ ಡಿಸೆಂಬರ್‌ನಲ್ಲಿ ಲಖನೌದಲ್ಲಿ ಭಾರತ ಜೂನಿಯರ್ ವಿಶ್ವಕಪ್ ಗೆದ್ದಿತು. ಫೈನಲ್‌ನಲ್ಲಿ ಬೆಲ್ಜಿಯಂ ಮೇಲೆ 2-1. ಆ ತಂಡದಲ್ಲಿ 18 ಹುಡುಗರಿದ್ದರು, ಇಡೀ ದೇಶ ಅವರನ್ನು ಹೊತ್ತು ಮೆರೆಸಿತು. ಐದು ವರ್ಷದ ಮೇಲೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಅವರಲ್ಲಿ ಇದ್ದವರು ಏಳು ಮಂದಿ. ಕಪ್ ಎತ್ತಿದ ನಾಯಕ ಹರ್ಜೀತ್ ಸಿಂಗ್ ಹೆಸರು ಇರಲಿಲ್ಲ, ಉಪನಾಯಕ ದಿಪ್ಸನ್ ತಿರ್ಕಿ ಹೆಸರೂ ಇರಲಿಲ್ಲ. ಅದೇ ಹುಡುಗರಲ್ಲಿ ಒಬ್ಬನಾದ ಸಿಮ್ರನ್‌ಜೀತ್ ಸಿಂಗ್‌ಗೆ ಮೊದಲ 16ರಲ್ಲಿ ಜಾಗ ಸಿಕ್ಕಿರಲಿಲ್ಲ. ಕೋವಿಡ್ ಕಾರಣಕ್ಕೆ ಹೆಚ್ಚುವರಿ ಆಟಗಾರರನ್ನೂ ಆಡಿಸಬಹುದು ಅಂದಿದ್ದರಿಂದ ಒಳಗೆ ಬಂದ. ಕಂಚಿನ ಪಂದ್ಯದಲ್ಲಿ ಜರ್ಮನಿ ಮೇಲೆ ಎರಡು ಗೋಲು ಹೊಡೆದ. ಭಾರತ ಗೆದ್ದದ್ದು 5-4ರಲ್ಲಿ. ವಿಶ್ವಕಪ್ ಗೆದ್ದ ಹುಡುಗರ ಮಟ್ಟದಲ್ಲೇ ಬಾಗಿಲು ಇಷ್ಟು ಕಿರಿದು. ಅದೃಷ್ಟಕ್ಕೂ ಅಲ್ಲಿ ಪಾಲಿದೆ.

ಕರ್ನಾಟಕದ ಮಾತಿಗೆ ಬಂದರೆ ನಮ್ಮ ಹಾಕಿಯ ಬೇರು ಕೊಡಗಿನಲ್ಲಿದೆ. 2016ರ ರಿಯೊ ಒಲಿಂಪಿಕ್ಸ್ ತಂಡದಲ್ಲಿ ರಘುನಾಥ್, ಸುನಿಲ್, ಉತ್ತಪ್ಪ, ನಿಕಿನ್ ತಿಮ್ಮಯ್ಯ ನಾಲ್ವರೂ ಕೊಡಗಿನವರೇ. ಟೋಕಿಯೊಗೆ ಹೋದ ಪುರುಷರ ತಂಡದಲ್ಲಿ ಕರ್ನಾಟಕದ ಒಬ್ಬರೂ ಇರಲಿಲ್ಲ. ಕೊಡಗಿನಂಥ ಕೊಡಗಿಗೇ ಹೀಗಾದಾಗ ಬಳ್ಳಾರಿಯ ಹುಡುಗನ ಏಣಿಗೆ ಎಷ್ಟು ಮೆಟ್ಟಿಲು ಕಡಿಮೆ ಅಂತ ಯೋಚಿಸಿ.

ವೃತ್ತಿಯಾಗಿ ಆಡಲು ಲೀಗ್ ಬೇಕಲ್ವಾ? ಹಾಕಿ ಇಂಡಿಯಾ ಲೀಗ್ 2013ರಲ್ಲಿ ಶುರುವಾಗಿ 2017ರಲ್ಲಿ ನಿಂತಿತು. ಮತ್ತೆ ಆರಂಭವಾದದ್ದು 2024ರ ಡಿಸೆಂಬರ್ ಕೊನೆಗೆ. 2017ರಲ್ಲಿ ಹದಿನೆಂಟು ತುಂಬಿದ್ದ ಹುಡುಗನಿಗೆ ಅಷ್ಟರಲ್ಲಿ ಇಪ್ಪತ್ತೈದು. ಮನೆಯಲ್ಲಿ ದುಡಿಯುವ ಕೈ ಬೇಕಿರುತ್ತದೆ. ಅಷ್ಟು ವರ್ಷ ಅವನು ಯಾರ ದುಡ್ಡಲ್ಲಿ ಕಾಯಬೇಕಿತ್ತು? ರೈಲ್ವೆಯೋ ಪೊಲೀಸೋ ಸೇನೆಯೋ, ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕರೆ ಸೇರಿಕೊಳ್ಳುತ್ತಾನೆ. ಊರಿನವರು ಇದನ್ನು "ಆಟ ಬಿಟ್ಟ" ಅನ್ನುತ್ತಾರೆ. ನಾನು ಹಾಗೆ ಅನ್ನುವುದಿಲ್ಲ. ಹಾಕಿಯಿಂದ ಸಂಬಳದ ಕೆಲಸ ಹಿಡಿದು ತಂಗಿಯ ಮದುವೆ ಮಾಡಿದ ಹುಡುಗ ಸೋತವನಲ್ಲ.

ಗಾಯದ ಬಗ್ಗೆ ಎರಡೇ ಮಾತು. ಗಟ್ಟಿ ನೆಲದ ಮೇಲೆ ಬಗ್ಗಿ ಓಡುವ ಆಟ ಇದು. ಮೊದಲು ಸೊಂಟ, ಆಮೇಲೆ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್. ನೋವು ಮುಚ್ಚಿಟ್ಟು ಫೈನಲ್ ಆಡುವುದನ್ನು ನಮ್ಮ ಜನ ಧೈರ್ಯ ಅನ್ನುತ್ತಾರೆ. ಆ ಧೈರ್ಯಕ್ಕೆ ಎರಡು ವರ್ಷ ತೆತ್ತವರು ನನ್ನ ಹುಡುಗರಲ್ಲೇ ಇದ್ದಾರೆ.

ಇಷ್ಟೆಲ್ಲ ಗೊತ್ತಿದ್ದೂ ಮೈದಾನದಲ್ಲಿ ನಾನು ಏನು ಮಾಡುತ್ತೇನೆ? ಡ್ರಿಬ್ಲಿಂಗ್ ಬಿಡು ಅಂತ ಯಾವ ಹುಡುಗನಿಗೂ ಹೇಳುವುದಿಲ್ಲ. ಅದನ್ನು ಕಿತ್ತರೆ ಅವನಲ್ಲಿ ಉಳಿಯುವುದು ಕಡಿಮೆ. ಬದಲಿಗೆ ಪ್ರಾಕ್ಟೀಸ್ ಆಟದ ನಿಯಮ ಬದಲಿಸುತ್ತೇನೆ. ಕೆಲವು ದಿನ ಒಬ್ಬನಿಗೆ ಎರಡೇ ಟಚ್. ಕೆಲವು ದಿನ ಚೆಂಡು ಕಸಿದುಕೊಂಡರೆ ಗೋಲಿನಷ್ಟೇ ಅಂಕ. ಹದಿನೈದು ತುಂಬುವ ತನಕ ಯಾರಿಗೂ ಒಂದೇ ಜಾಗ ಕೊಡುವುದಿಲ್ಲ. ಊರು ಮೆಚ್ಚಿದ ಫಾರ್ವರ್ಡ್‌ನನ್ನು ಲೆಫ್ಟ್ ಹಾಫ್‌ನಲ್ಲಿ, ಅಂದರೆ ನಡುವಿನ ಸಾಲಿನ ಎಡಗಡೆ, ನಿಲ್ಲಿಸಿದರೆ ಮುಖ ಊದಿಸಿಕೊಳ್ಳುತ್ತಾನೆ, ಅವನ ಚಿಕ್ಕಪ್ಪ ಬಂದು ಜಗಳವಾಡುತ್ತಾರೆ. ಆಡಲಿ. ತನ್ನಂಥ ಫಾರ್ವರ್ಡ್ ಎದುರು ಬಂದಾಗ ಹಾಫ್‌ಗೆ ಏನು ಕಷ್ಟ ಅನ್ನುವುದು ಅಲ್ಲಿ ನಿಂತಾಗಲೇ ತಿಳಿಯುವುದು. ಬೇಗ ಮೈ ಬೆಳೆದವನನ್ನು ದೊಡ್ಡವರ ಜೊತೆ ಆಡಿಸುತ್ತೇನೆ, ಓಡಿ ಗೆಲ್ಲಲು ಆಗದ ಕಡೆ. ತಡವಾಗಿ ಬೆಳೆಯುವ ಸಣಕಲು ಹುಡುಗನನ್ನು ಪಟ್ಟಿಯಿಂದ ತೆಗೆಯುವುದಿಲ್ಲ. ಅವನ ಅಣ್ಣಂದಿರ ಎತ್ತರ ಎಷ್ಟು ಅಂತ ಕೇಳಿಟ್ಟುಕೊಳ್ಳುತ್ತೇನೆ.

ಟ್ರಯಲ್ಸ್‌ಗೆ ಹೋಗುವ ಹುಡುಗರನ್ನು ಆದಷ್ಟು ಎರಡು ದಿನ ಮೊದಲೇ ಕರೆದುಕೊಂಡು ಹೋಗುವುದು ಒಳ್ಳೆಯದು. ಟರ್ಫ್ ಮೇಲೆ ಒಂದೆರಡು ಗಂಟೆ ಬರೀ ಟ್ರ್ಯಾಪ್ ಮತ್ತು ಪುಶ್ ಪಾಸ್ ಮಾಡಲಿ. ಚೆಂಡು ಎಗರುವುದಿಲ್ಲ ಅಂತ ಕೈಗೆ ನಂಬಿಕೆ ಬರಬೇಕು.

ತಂದೆತಾಯಿಗಳಿಗೆ ಒಂದು ಕೆಲಸ ಕೊಡುತ್ತೇನೆ. ಮುಂದಿನ ಪಂದ್ಯದಲ್ಲಿ ಹತ್ತು ನಿಮಿಷ ಚೆಂಡನ್ನು ನೋಡಬೇಡಿ, ನಿಮ್ಮ ಮಗನನ್ನೇ ನೋಡಿ. ಚೆಂಡು ತಪ್ಪಿದ ಮೇಲೆ ಎಷ್ಟು ಸಲ ವಾಪಸ್ ಓಡಿದ ಅಂತ ಎಣಿಸಿ. ಮನೆಗೆ ಬಂದ ಮೇಲೆ ಗೋಲಿನ ಮಾತು ಎತ್ತುವ ಮೊದಲು ಆ ಸಂಖ್ಯೆಯನ್ನು ಅವನಿಗೆ ಹೇಳಿ.